ಪರ್ಷಿಯನ್ ಭಾಷಿಕ ಎಂಎಸ್ ರೋಗಿಗಳಲ್ಲಿ ಅರಿವಿನ ಕುಂದಿನ ತಪಾಸಣೆ

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಮಿದುಳು ಮತ್ತು ಮಿದುಳುಬಳ್ಳಿಯ ನರತಂತುಗಳ ಮಯಲಿನ್ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಮಾಡುವ ಕಾಯಿಲೆ. ಬಹುಪಾಲು 20ರಿಂದ 40ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇರಾನ್, ಅದರಲ್ಲೂ ಇಸ್ಫಹಾನ್ ಪ್ರಾಂತ, ಪಶ್ಚಿಮ ಏಷ್ಯಾದಲ್ಲಿ ಈ ಕಾಯಿಲೆ ಹೆಚ್ಚಾಗಿರುವ ಪ್ರದೇಶಗಳಲ್ಲೊಂದು.

ರೋಗಿಗಳ ನೆನಪು ಮತ್ತು ಗ್ರಹಿಕೆ ಮಂದವಾಗುವುದನ್ನು ಫ್ರಾನ್ಸಿನ ನರವೈದ್ಯ ಶಾರ್ಕೋ 19ನೇ ಶತಮಾನದಲ್ಲೇ ಗುರುತಿಸಿದ್ದ. ಆದರೂ ಬಹುಕಾಲ ವೈದ್ಯರ ಕಣ್ಣು ರೋಗಿಯ ನಡಿಗೆಯ ಮೇಲೇ ಇತ್ತು. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಇಡಿಎಸ್‌ಎಸ್ ಅಂಗವೈಕಲ್ಯ ಮಾಪಕ ನಡೆಯುವ ಸಾಮರ್ಥ್ಯಕ್ಕೇ ಹೆಚ್ಚು ತೂಕ ಕೊಡುತ್ತದೆ. ಸುಮಾರು ಶೇಕಡಾ 40ರಿಂದ 65ರಷ್ಟು ರೋಗಿಗಳಲ್ಲಿ ಅರಿವಿನ ಕುಂದು ಕಂಡುಬರುತ್ತದೆ ಎಂಬುದು ಸಾಮಾನ್ಯ ಅಂದಾಜು. ಮೊದಲು ಸೊರಗುವುದು ಹೆಚ್ಚಾಗಿ ಮಾಹಿತಿಯನ್ನು ಗ್ರಹಿಸಿ ಸಂಸ್ಕರಿಸುವ ವೇಗ. ಜೊತೆಗೆ ಹೊಸದನ್ನು ಕಲಿತು ನೆನಪಿಟ್ಟುಕೊಳ್ಳುವ ಶಕ್ತಿ. ಚೆನ್ನಾಗಿ ನಡೆದಾಡುವವರೂ ಇದರಿಂದಾಗಿ ಕೆಲಸ ಕಳೆದುಕೊಳ್ಳುತ್ತಾರೆ, ಮನೆಯವರಿಂದ ಸೋಮಾರಿ ಎನ್ನಿಸಿಕೊಳ್ಳುತ್ತಾರೆ. ತಪಾಸಣೆ ಬೇಕಾಗಿರುವುದು ಮುಖ್ಯವಾಗಿ ಇಂಥವರಿಗೆ. ಮರೆವಿನ ಕಾಯಿಲೆಗೆ ಬಳಸುವ ಎಂಎಂಎಸ್‌ಇ ಪರೀಕ್ಷೆ ಇಲ್ಲಿ ಸಾಲದು. ವೇಗದ ಕುಂದು ಅದರ ಬಲೆಗೆ ಬೀಳುವುದಿಲ್ಲ.

2012ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಬಿಕ್ಯಾಮ್ಸ್ ಎಂಬ ಕಿರುಪರೀಕ್ಷಾಗುಚ್ಛವನ್ನು ಶಿಫಾರಸು ಮಾಡಿತು. ಸುಮಾರು 15 ನಿಮಿಷ ಸಾಕು, ಪರಿಣತ ಮನಶ್ಶಾಸ್ತ್ರಜ್ಞರೇ ಬೇಕೆಂದಿಲ್ಲ. ಇದರಲ್ಲಿ ಮೂರು ಪರೀಕ್ಷೆಗಳಿವೆ. ಎಸ್‌ಡಿಎಂಟಿಯಲ್ಲಿ ಒಂಬತ್ತು ಚಿಹ್ನೆಗಳಿಗೆ ಹೊಂದುವ ಅಂಕಿಗಳನ್ನು 90 ಸೆಕೆಂಡುಗಳಲ್ಲಿ ಎಷ್ಟಾದರಷ್ಟು ಹೇಳಬೇಕು. ಸಿವಿಎಲ್‌ಟಿಯಲ್ಲಿ ಓದಿ ಹೇಳಿದ 16 ಪದಗಳನ್ನು ಐದು ಸುತ್ತು ನೆನಪಿಸಿಕೊಳ್ಳಬೇಕು. ಬಿವಿಎಂಟಿಯಲ್ಲಿ ಹತ್ತು ಸೆಕೆಂಡು ನೋಡಿದ ಆರು ಆಕೃತಿಗಳನ್ನು ನೆನಪಿನಿಂದ ಬರೆಯಬೇಕು. ಇದು ಮೂರು ಸುತ್ತು.

ಇವನ್ನು ಪರ್ಷಿಯನ್ ಭಾಷಿಕರಿಗೆ ಒಗ್ಗಿಸುವುದು ಬರಿಯ ಅನುವಾದದ ಕೆಲಸವಲ್ಲ. ಆಕೃತಿಗಳ ಪರೀಕ್ಷೆಗೆ ಸೂಚನೆಗಳನ್ನು ಅನುವಾದಿಸಿದರೆ ಬಹುಮಟ್ಟಿಗೆ ಸಾಕು. ಪದಪಟ್ಟಿಯ ಕಥೆ ಬೇರೆ. ಪಟ್ಟಿಯ ತರಕಾರಿ, ಪ್ರಾಣಿ, ವಾಹನಗಳ ಹೆಸರುಗಳು ಇರಾನಿನವರಿಗೆ ಮೂಲದಷ್ಟೇ ಪರಿಚಿತವಾಗಿರಬೇಕು. ಇನ್ನೂ ವಿಸ್ತಾರವಾದ, ಸುಮಾರು 90 ನಿಮಿಷಗಳ ಮ್ಯಾಕ್‌ಫಿಮ್ಸ್ ಗುಚ್ಛದಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುವ ಪರೀಕ್ಷೆಯೂ ಇದೆ. ಪರ್ಷಿಯನ್ ಲಿಪಿಯಲ್ಲಿ ‘ಸ’ ಧ್ವನಿಗೆ ಮೂರು, ‘ಝ’ ಧ್ವನಿಗೆ ನಾಲ್ಕು ಅಕ್ಷರಗಳಿರುವುದರಿಂದ ಯಾವ ಉತ್ತರ ಸರಿ ಎಂಬುದನ್ನೇ ಮೊದಲು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಮ್ಯಾಕ್‌ಫಿಮ್ಸ್‌ನ ಪರ್ಷಿಯನ್ ರೂಪದ ವಿಶ್ವಾಸಾರ್ಹತೆ ಮತ್ತು ಸಿಂಧುತ್ವದ ಅಧ್ಯಯನ 2012ರಲ್ಲಿ ಪ್ರಕಟವಾಯಿತು.

ಅನುವಾದಕ್ಕಿಂತ ದೊಡ್ಡ ಕೆಲಸ ಮಾನದಂಡದ್ದು. ವಯಸ್ಸು ಮತ್ತು ಓದು ಅಂಕಗಳನ್ನು ಬದಲಿಸುತ್ತವೆ. ಆದ್ದರಿಂದ ಅದೇ ಭಾಷೆಯ ಆರೋಗ್ಯವಂತರ ಅಂಕಗಳೊಡನೆ ಹೋಲಿಸದ ಹೊರತು ರೋಗಿಯ ಅಂಕಕ್ಕೆ ಅರ್ಥವಿಲ್ಲ. ಅಮೆರಿಕದ ಕೋಷ್ಟಕ ಹಿಡಿದು ಇಸ್ಫಹಾನಿನ, ಕಡಿಮೆ ಓದಿದ ಗೃಹಿಣಿಯನ್ನು ಅಳೆದರೆ ಆರೋಗ್ಯವಾಗಿರುವವಳಿಗೂ ಕುಂದಿನ ಹಣೆಪಟ್ಟಿ ಬೀಳಬಹುದು. ಹೆಚ್ಚು ಓದಿದವರ ನಿಜವಾದ ಇಳಿಕೆ ಕಣ್ತಪ್ಪಲೂಬಹುದು. ಕೆಲ ದಿನಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಫಲಿತಾಂಶ ಎಷ್ಟು ಸ್ಥಿರವಾಗಿರುತ್ತದೆ ಎಂಬುದನ್ನೂ ನೋಡಬೇಕು.

ಪ್ರಶ್ನಾವಳಿಗಳೂ ಉಂಟು. 15 ಪ್ರಶ್ನೆಗಳ ಎಂಎಸ್‌ಎನ್‌ಕ್ಯೂವನ್ನು ರೋಗಿಯೂ ಅವರ ಹತ್ತಿರದವರೂ ತುಂಬಬಹುದು. ರೋಗಿಯ ಸ್ವಂತ ಉತ್ತರ ಹಲವು ವೇಳೆ ಅರಿವಿನ ಕುಂದಿಗಿಂತ ಖಿನ್ನತೆಯನ್ನೇ ತೋರಿಸುವುದರಿಂದ ಹತ್ತಿರದವರ ಮಾತಿಗೆ ಹೆಚ್ಚು ಬೆಲೆಯಿದೆ. ದಣಿವು, ನಿದ್ದೆಗೇಡು, ದೃಷ್ಟಿದೋಷ, ಕೆಲವು ಔಷಧಿಗಳು ಕೂಡ ಅಂಕವನ್ನು ತಗ್ಗಿಸುತ್ತವೆ. ಹಾಗಾಗಿ ಕಡಿಮೆ ಅಂಕವೊಂದೇ ರೋಗನಿರ್ಣಯವಲ್ಲ, ಪೂರ್ಣ ಪರೀಕ್ಷೆಗೆ ಕಾರಣ ಅಷ್ಟೆ. 2018ರ ತಜ್ಞ ಶಿಫಾರಸು ಎಸ್‌ಡಿಎಂಟಿ ಅಥವಾ ಅಂಥದೊಂದು ಪರೀಕ್ಷೆಯನ್ನು ಆರಂಭದಲ್ಲೂ ಆಮೇಲೆ ವರ್ಷಕ್ಕೊಮ್ಮೆಯೂ ಮಾಡಲು ಹೇಳುತ್ತದೆ. ಎಸ್‌ಡಿಎಂಟಿಯಲ್ಲಿ ಸುಮಾರು 4 ಅಂಕಗಳ ಇಳಿಕೆಯನ್ನು ಗಮನಾರ್ಹವೆಂದು ಪರಿಗಣಿಸುತ್ತಾರೆ.

ಪರ್ಷಿಯನ್ ಇರಾನಿನದು ಮಾತ್ರವಲ್ಲ. ಅಫ್ಘಾನಿಸ್ತಾನದಲ್ಲಿ ಅದು ದರಿ, ತಜಿಕಿಸ್ತಾನದಲ್ಲಿ ಸಿರಿಲಿಕ್ ಲಿಪಿಯ ತಾಜಿಕ್. ಇರಾನಿನಲ್ಲೇ ಅಜರಿ ಅಥವಾ ಕುರ್ದಿ ಮನೆಮಾತಿನವರು ಶಾಲೆಯಲ್ಲಿ ಕಲಿತ ಪರ್ಷಿಯನ್‌ನಲ್ಲಿ ಈ ಪರೀಕ್ಷೆಗೆ ಕೂರುತ್ತಾರೆ. ತೆಹರಾನಿನ ಮಾನದಂಡವನ್ನು ಇವರೆಲ್ಲರಿಗೂ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಪದಪಟ್ಟಿಯ ಪರೀಕ್ಷೆಗೆ ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕು.