ಕ್ರೆಡಿಟ್ ಕಾರ್ಡ್ ವಂಚನೆ ಮರುಕಳಿಸಿದರೆ

ಕ್ರೆಡಿಟ್ ಕಾರ್ಡ್ ವಿವರ ಕದ್ದವರು ಮೊದಲು ಸಣ್ಣ ಮೊತ್ತ ಎಳೆದು, ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸುವುದುಂಟು. ಆದ್ದರಿಂದ ಹತ್ತಿಪ್ಪತ್ತು ರೂಪಾಯಿಯ ಅಪರಿಚಿತ ವಹಿವಾಟನ್ನೂ ಕಡೆಗಣಿಸಬಾರದು.

ತಕ್ಷಣದ ಕ್ರಮ: ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ಸ್ಥಗಿತಗೊಳಿಸಬೇಕು, ದೂರಿನ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಬೇಕು.

ನಷ್ಟ ಯಾರದು: ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಇದಕ್ಕೆ ಗಡುವು ಹಾಕಿತು. ಬ್ಯಾಂಕ್ ಅಥವಾ ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ನಡೆದ ವಂಚನೆಯನ್ನು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂದು ಅದು ವಿಧಿಸಿತು. 4ರಿಂದ 7 ದಿನಗಳಾದರೆ, 5 ಲಕ್ಷ ರೂಪಾಯಿವರೆಗಿನ ಮಿತಿಯ ಕಾರ್ಡಿಗೆ ಗರಿಷ್ಠ ಹೊಣೆ 10,000 ರೂಪಾಯಿ. ಒಟಿಪಿಯನ್ನು ಗ್ರಾಹಕರೇ ಹೇಳಿಕೊಟ್ಟಿದ್ದರೆ ದೂರು ನೀಡುವವರೆಗಿನ ನಷ್ಟ ಅವರದೇ. ದೂರಿನ ನಂತರದ್ದು ಬ್ಯಾಂಕಿನದು. ಹೀಗಾಗಿ ಮರುಕಳಿಸುವ ವಂಚನೆಯಲ್ಲಿ ಮೊದಲ ದೂರಿನ ದಾಖಲೆಯೇ ಗ್ರಾಹಕರ ಆಧಾರ. ಆದರೂ ಪ್ರತಿ ಹೊಸ ವಹಿವಾಟಿಗೂ ಪ್ರತ್ಯೇಕ ದೂರು ನೀಡುವುದು ಕ್ಷೇಮ.

ಹೊಸ ಕಾರ್ಡ್ ಬಂದ ಮೇಲೆ: ಕಾರ್ಡ್ ಬದಲಾದರೂ ಸೋರಿಕೆಯ ಮೂಲ ಉಳಿದರೆ ವಂಚನೆ ನಿಲ್ಲದು. ಅಪರಿಚಿತರ ಮಾತಿನಂತೆ ಮೊಬೈಲಿಗೆ ಹಾಕಿಕೊಂಡ ಆ್ಯಪ್‌ಗಳನ್ನು ತೆಗೆದುಹಾಕಿ, ಇ-ಮೇಲ್ ಗುಪ್ತಪದ ಬದಲಿಸಬೇಕು. ಬ್ಯಾಂಕಿನಲ್ಲಿ ನೋಂದಾಯಿತ ಮೊಬೈಲ್ ಸಂಖ್ಯೆ ತಮ್ಮದೇ ಎಂದು ಖಚಿತಪಡಿಸಿಕೊಳ್ಳಬೇಕು. ಕೆಲವು ವಿದೇಶಿ ಜಾಲತಾಣಗಳು ಒಟಿಪಿ ಕೇಳುವುದಿಲ್ಲವಾದ್ದರಿಂದ ಅಂತಾರಾಷ್ಟ್ರೀಯ ಬಳಕೆಯನ್ನು ಮುಚ್ಚಿಡುವುದು ಒಳಿತು.

ದೂರಿಗೆ ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.