ಹಿಮ ಬೀಳುವ ಊರಿನ ಮನೆಗೆ ಅಲ್ಯೂಮಿನಿಯಂ ಶೀಟು: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಶಿಮ್ಲಾ, ಮನಾಲಿ, ಗುಲ್ಮಾರ್ಗ್ ಕಡೆ ಪ್ರವಾಸ ಹೋಗಿಬಂದವರ ಮೊಬೈಲ್‌ನಲ್ಲಿ ಒಂದು ಫೋಟೊ ಖಾಯಂ. ಬಿಳಿ ಹಿಮದ ನಡುವೆ ಕೆಂಪು, ಹಸಿರು ಬಣ್ಣದ ಇಳಿಜಾರು ತಗಡಿನ ಮಾಡು. ನೋಡೋಕೆ ಚಂದ. ಆದರೆ ಅಲ್ಲಿ ವಾಸ ಮಾಡುವವರಿಗೆ ಆ ಮಾಡು ಜೀವದ ಪ್ರಶ್ನೆ. ಚಳಿಗಾಲದಲ್ಲಿ ಅದರ ಮೇಲೆ ಟನ್‌ಗಟ್ಟಲೆ ಹಿಮ ಕೂತಿರುತ್ತದೆ. ಅದನ್ನು ಹೊರುವಷ್ಟು ಗಟ್ಟಿ ಇರಬೇಕು, ಹಿಮ ಜಾರಿದರೆ ಯಾರ ತಲೆ ಮೇಲೂ ಬೀಳಬಾರದು, ಕರಗಿದ ನೀರು ಮನೆಯೊಳಗೆ ಇಳಿಯಬಾರದು.

ಇಂಥ ಕಡೆ ಜಿಐ ತಗಡು ಮತ್ತು ಬಣ್ಣದ ಸ್ಟೀಲ್ ಶೀಟಿನ ಜೊತೆ ಅಲ್ಯೂಮಿನಿಯಂ ಶೀಟೂ ಬಳಕೆಯಲ್ಲಿದೆ. ತುಕ್ಕು ಹಿಡಿಯಲ್ಲ, ಹಗುರ, ಬಾಳಿಕೆ ಹೆಚ್ಚು ಅನ್ನೋದು ಅದರ ಹೆಸರು. ಮೂರೂ ನಿಜ. ಆದರೆ ಹಿಮದ ಊರಿನಲ್ಲಿ ಶೀಟು ಅರ್ಧ ಕೆಲಸ ಮಾತ್ರ. ಇನ್ನರ್ಧ ಇರುವುದು ಶೀಟಿನ ಕೆಳಗೆ.

ಚಳಿ ಬೇರೆ, ಹಿಮ ಬೇರೆ

ತಗಡು ಬರುವ ಮೊದಲೂ ಈ ಊರುಗಳಲ್ಲಿ ಮನೆಗಳಿದ್ದವು. ಕಾಶ್ಮೀರದಲ್ಲಿ ಮರದ ಮಾಡಿನ ಮೇಲೆ ಭೂರ್ಜ ಮರದ ತೊಗಟೆ ಹಾಸಿ, ಅದರ ಮೇಲೆ ಮಣ್ಣು ಹಾಕುತ್ತಿದ್ದರು. ತೊಗಟೆ ನೀರು ತಡೆಯುತ್ತಿತ್ತು, ಮಣ್ಣು ಬೆಚ್ಚಗಿಡುತ್ತಿತ್ತು. ಹಿಮಾಚಲದಲ್ಲಿ ಕಲ್ಲು-ಮರದ ಗೋಡೆಯ ಮೇಲೆ ಚಪ್ಪಡಿ ಸ್ಲೇಟಿನ ಇಳಿಜಾರು ಮಾಡು. ಲಡಾಖ್‌ನಲ್ಲಿ ಮಾತ್ರ ಸಪಾಟು ಮಣ್ಣಿನ ಮಾಡು. ಅಲ್ಲಿ ಚಳಿ ಭಯಂಕರ, ಆದರೆ ಲೇಹ್‌ನಲ್ಲಿ ಮಳೆ-ಹಿಮ ಎರಡೂ ಸೇರಿ ವರ್ಷಕ್ಕೆ ಬೀಳುವ ನೀರು ಸುಮಾರು 100 ಮಿ.ಮೀ. ಅಷ್ಟೇ. ಹಾಗಾಗಿ ‘ಚಳಿ ಪ್ರದೇಶಕ್ಕೆ ಯಾವ ಶೀಟು?’ ಅಂತ ಕೇಳಿದರೆ ಸಾಲದು. ಆ ಜಾಗದಲ್ಲಿ ಹಿಮ ಎಷ್ಟು ಬೀಳುತ್ತದೆ, ಎಷ್ಟು ದಿನ ನಿಲ್ಲುತ್ತದೆ ಅನ್ನೋದೇ ಮೊದಲ ಪ್ರಶ್ನೆ.

ಅಲ್ಯೂಮಿನಿಯಂನ ಗುಣ ಏನು?

ಅಲ್ಯೂಮಿನಿಯಂನ ತೂಕ ಅಷ್ಟೇ ಗಾತ್ರದ ಉಕ್ಕಿನ ಮೂರನೇ ಒಂದು ಭಾಗ. ನಮ್ಮ ಕಡೆಯ ಚದರದ ಲೆಕ್ಕದಲ್ಲಿ ಹೇಳುವುದಾದರೆ, 100 ಚದರ ಅಡಿಗೆ 0.7 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸಪಾಟು ಶೀಟು ಸುಮಾರು 18 ಕೆಜಿ ತೂಗಿದರೆ, 0.5 ಮಿ.ಮೀ. ಉಕ್ಕಿನ ಶೀಟು ಸುಮಾರು 36 ಕೆಜಿ. ಅಲೆಯಾಗಿ ಮಡಚಿದ ಶೀಟಾದರೆ ಎರಡೂ ಸ್ವಲ್ಪ ಹೆಚ್ಚು. ರಸ್ತೆ ಇಲ್ಲದ ಬೆಟ್ಟದ ಹಳ್ಳಿಗೆ ಹೆಗಲ ಮೇಲೆ ಸಾಗಿಸುವವರಿಗೆ ಇದು ದೊಡ್ಡ ವ್ಯತ್ಯಾಸ.

ತುಕ್ಕಿನ ವಿಷಯ: ಗಾಳಿ ತಾಗುತ್ತಿದ್ದಂತೆ ಅಲ್ಯೂಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪದರ ತಾನೇ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಮತ್ತೆ ಕಟ್ಟುತ್ತದೆ. ಜಿಐ ಶೀಟಿನಲ್ಲಿ ಸತುವಿನ ಲೇಪ ಸವೆದ ಜಾಗದಲ್ಲಿ ಕಬ್ಬಿಣ ಹೊರಬಂದು ತುಕ್ಕು ಶುರುವಾಗುತ್ತದೆ.

ದೋಷಗಳೂ ಇವೆ. ಒಂದೇ ದಪ್ಪ, ಒಂದೇ ಆಕಾರ ಇದ್ದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾಗುತ್ತದೆ. ಆಲಿಕಲ್ಲು ಬಿದ್ದರೆ, ಮೇಲೆ ಹತ್ತಿ ಅಡ್ಡಾದಿಡ್ಡಿ ಕಾಲಿಟ್ಟರೆ ಬೇಗ ನೆಗ್ಗುತ್ತದೆ. ಕೆಜಿ ಲೆಕ್ಕದಲ್ಲಿ ಉಕ್ಕಿಗಿಂತ ತುಂಬಾ ದುಬಾರಿ. ಹಗುರ ಇರುವುದರಿಂದ ಅಡಿ ಲೆಕ್ಕದಲ್ಲಿ ಆ ಅಂತರ ಸ್ವಲ್ಪ ಕಡಿಮೆಯಾಗುತ್ತದೆ, ಮುಂದೆ ಕಿತ್ತು ಹಾಕುವಾಗ ಗುಜರಿಯಲ್ಲೂ ಒಳ್ಳೆ ಬೆಲೆ ಬರುತ್ತದೆ.

ಅಂಗಡಿಯಲ್ಲಿ ಮ್ಯಾಗ್ನೆಟ್ ಇಟ್ಟು ನೋಡಿ

ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ‘ಗ್ಯಾಲ್ವಾಲ್ಯೂಮ್’, ‘ಜಿಂಕಾಲ್ಯೂಮ್’ ಹೆಸರಿನ ಶೀಟನ್ನು ಬಹಳ ಕಡೆ ‘ಅಲ್ಯೂಮಿನಿಯಂ ಶೀಟು’ ಅಂತಲೇ ಕರೆಯುತ್ತಾರೆ. ಅದು ಅಲ್ಯೂಮಿನಿಯಂ ಅಲ್ಲ, ಲೇಪ ಹಾಕಿದ ಉಕ್ಕು. ಲೇಪದಲ್ಲಿ ತೂಕದ ಲೆಕ್ಕದಲ್ಲಿ ಶೇ. 55 ಅಲ್ಯೂಮಿನಿಯಂ, ಶೇ. 43ರಷ್ಟು ಸತು, ಉಳಿದದ್ದು ಸ್ವಲ್ಪ ಸಿಲಿಕಾನ್. ಇದೂ ಒಳ್ಳೆಯ ಶೀಟೇ, ಸಾದಾ ಜಿಐಗಿಂತ ಬಾಳಿಕೆ ಹೆಚ್ಚು. ಆದರೆ ಅಲ್ಯೂಮಿನಿಯಂನ ದುಡ್ಡು ಕೊಟ್ಟು ಇದನ್ನು ತರಬಾರದು.

ಪರೀಕ್ಷೆ ಸುಲಭ. ಮ್ಯಾಗ್ನೆಟ್ ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಬಿಲ್ಲಿನಲ್ಲಿ ಐಎಸ್ ನಂಬರ್ ಬರೆಸಿಕೊಳ್ಳಿ. ಅಲೆಯಾಕಾರದ ಅಲ್ಯೂಮಿನಿಯಂ ಶೀಟಿಗೆ ಐಎಸ್ 1254, ಜಿಐ ಶೀಟಿಗೆ ಐಎಸ್ 277, ಅಲ್ಯೂಮಿನಿಯಂ-ಸತು ಲೇಪದ ಉಕ್ಕಿಗೆ ಐಎಸ್ 15961.

ದಪ್ಪವನ್ನು ಗೇಜಿನಲ್ಲಿ ಕೇಳಬೇಡಿ, ಮಿಲಿಮೀಟರ್‌ನಲ್ಲಿ ಕೇಳಿ. ಎಸ್‌ಡಬ್ಲ್ಯುಜಿ ಲೆಕ್ಕದಲ್ಲಿ 22 ಗೇಜು ಅಂದರೆ 0.71 ಮಿ.ಮೀ., 24 ಗೇಜು ಅಂದರೆ 0.56 ಮಿ.ಮೀ. ಗೇಜಿನ ನಂಬರ್ ಹೆಚ್ಚಾದಷ್ಟೂ ಶೀಟು ತೆಳು. ಬಣ್ಣದ ಶೀಟಾದರೆ ಹೇಳಿದ ದಪ್ಪದಲ್ಲಿ ಬಣ್ಣವೂ ಸೇರಿದೆಯಾ, ಬರೀ ಲೋಹದ ದಪ್ಪವಾ ಅಂತ ಕೇಳಲೇಬೇಕು.

ಒಂದು ಚದರಕ್ಕೆ ಒಂದೂವರೆ ಟನ್ ಹತ್ತಿರ

ಆಗಷ್ಟೇ ಬಿದ್ದ ಹಿಮ ಹತ್ತಿಯ ಹಾಗೆ ಹಗುರ. ಒಂದು ಘನ ಮೀಟರಿಗೆ ಸುಮಾರು 100 ಕೆಜಿ. ದಿನ ಕಳೆದು ಕುಗ್ಗಿದ ಹಿಮ 200ರಿಂದ 300 ಕೆಜಿ. ಮೇಲೆ ಮಳೆ ಬಿದ್ದು ಒದ್ದೆಯಾದರೆ ಇನ್ನೂ ಜಾಸ್ತಿ.

ಲೆಕ್ಕ ಹಾಕಿ ನೋಡಿ. 300 ಕೆಜಿಯ ಹಿಮ ಮಾಡಿನ ಮೇಲೆ ಅರ್ಧ ಮೀಟರ್ ಎತ್ತರ ನಿಂತರೆ ಒಂದು ಚದರ ಮೀಟರಿಗೆ 150 ಕೆಜಿ. ನಮ್ಮ ಒಂದು ಚದರಕ್ಕೆ ಸುಮಾರು 1,400 ಕೆಜಿ. ಹತ್ತು ಚದರದ ಮನೆಯ ಮೇಲೆ 14 ಟನ್, ಅಂದರೆ ಒಂದು ದೊಡ್ಡ ಲಾರಿ ಲೋಡು. ಇದರ ಮುಂದೆ ಶೀಟಿನ 18 ಕೆಜಿ, 36 ಕೆಜಿ ಯಾವ ಲೆಕ್ಕ? ಹಾಗಾಗಿ ‘ಶೀಟು ಹಗುರ, ಕೆಳಗಿನ ಮರಮುಟ್ಟು ಕಡಿಮೆ ಸಾಕು’ ಅನ್ನೋ ಮಾತು ಹಿಮದ ಊರಿನಲ್ಲಿ ತಪ್ಪು. ಪಕಾಸಿ, ಪರ್ಲಿನ್, ಟ್ರಸ್ ಎಲ್ಲವನ್ನೂ ಹಿಮದ ಭಾರಕ್ಕೆ ಲೆಕ್ಕ ಹಾಕಬೇಕು. ಅಲ್ಯೂಮಿನಿಯಂ ಹೆಚ್ಚು ಬಾಗುವುದರಿಂದ ಪರ್ಲಿನ್ ಇನ್ನೂ ಹತ್ತಿರ ಹತ್ತಿರ ಬೇಕಾಗಬಹುದು. ಭಾರತದಲ್ಲಿ ಈ ಲೆಕ್ಕಕ್ಕೆ ಐಎಸ್ 875ರ 4ನೇ ಭಾಗವಿದೆ. ಇದು ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸವಲ್ಲ, ಎಂಜಿನಿಯರ್ ಸಹಿ ಬೇಕು.

ಪೋಲೆಂಡಿನ ಕಟೊವಿಟ್ಸೆಯಲ್ಲಿ 2006ರ ಜನವರಿ 28ರಂದು ವಸ್ತುಪ್ರದರ್ಶನ ಭವನದ ಚಾವಣಿ ಹಿಮದ ಭಾರಕ್ಕೆ ಕುಸಿದು 65 ಜನ ಸತ್ತರು. ವಿನ್ಯಾಸದಲ್ಲೇ ದೋಷಗಳಿದ್ದವು ಅಂತ ತನಿಖೆಯಲ್ಲಿ ಗೊತ್ತಾಯಿತು.

ಇಳಿಜಾರು ಎಷ್ಟು? ಜಾರಿದ ಹಿಮ ಎಲ್ಲಿಗೆ?

ಸಾಮಾನ್ಯ ಮಾಡಿಗೆ 30 ಡಿಗ್ರಿವರೆಗಿನ ಇಳಿಜಾರಿನಲ್ಲಿ ಹಿಮದ ಭಾರಕ್ಕೆ ರಿಯಾಯಿತಿ ಇಲ್ಲ. ಅಲ್ಲಿಂದ ಮೇಲೆ ಕಡಿಮೆಯಾಗುತ್ತಾ ಹೋಗಿ, 60 ಡಿಗ್ರಿ ದಾಟಿದರೆ ಹಿಮ ನಿಲ್ಲುವುದೇ ಇಲ್ಲ ಅಂತ ಲೆಕ್ಕ. 30 ಡಿಗ್ರಿ ಅಂದರೆ ಹತ್ತು ಅಡಿ ಅಗಲಕ್ಕೆ ಸುಮಾರು ಆರು ಅಡಿ ಏರು.

ನುಣುಪಾದ ಲೋಹದ ಮಾಡಿನಿಂದ ಹಿಮ ಬೇಗ ಜಾರುತ್ತದೆ. ಅದು ಲಾಭವೂ ಹೌದು, ಅಪಾಯವೂ ಹೌದು. ಬಿಸಿಲು ಬಂದ ಮಧ್ಯಾಹ್ನ ಇಡೀ ಪದರ ಒಂದೇ ಸಲ ದಬಕ್ಕನೆ ಬೀಳುತ್ತದೆ. ಕೆಳಗೆ ಬಾಗಿಲು, ಕಾಲುದಾರಿ, ಗ್ಯಾಸ್ ಸಿಲಿಂಡರ್, ಪಕ್ಕದ ಮನೆಯ ತಗ್ಗು ಮಾಡು ಇದ್ದರೆ ಅನಾಹುತ.

ಇದಕ್ಕೆ ಎರಡು ದಾರಿ. ಮಾಡು ಇಳಿಯುವ ದಿಕ್ಕಿನಲ್ಲಿ ಬಾಗಿಲು ಇಡದಿರುವುದು ಒಂದು. ಅದು ಆಗದಿದ್ದರೆ ಶೀಟಿನ ಮೇಲೆ ಸಾಲಾಗಿ ಸ್ನೋ ಗಾರ್ಡ್ ಹಾಕಿ ಹಿಮವನ್ನು ತಡೆದು ನಿಲ್ಲಿಸುವುದು ಇನ್ನೊಂದು. ಆದರೆ ತಡೆದ ಹಿಮದ ಭಾರ ಮಾಡಿನ ಮೇಲೇ ಉಳಿಯುತ್ತದೆ. ಸ್ನೋ ಗಾರ್ಡ್ ಹಾಕಿದ ಮೇಲೆ ಇಳಿಜಾರಿನ ರಿಯಾಯಿತಿ ಸಿಗಲ್ಲ. ಬಾಗಿಲ ಮೇಲಷ್ಟೇ ನಾಲ್ಕು ಗಾರ್ಡ್ ಹಾಕಿದರೆ ಅವು ಕಿತ್ತುಕೊಂಡು ಬರುವುದೇ ಹೆಚ್ಚು.

ಸೂರಿನಲ್ಲಿ ಕಟ್ಟುವ ಐಸು

ಮನೆಯೊಳಗೆ ಬುಖಾರಿ ಒಲೆ ಉರಿಯುತ್ತಿರುತ್ತದೆ. ಆ ಬಿಸಿ ಮೇಲೇರಿ ಶೀಟಿಗೆ ತಾಗಿದರೆ ಹಿಮದ ಕೆಳಪದರ ಕರಗುತ್ತದೆ. ನೀರು ಇಳಿದು ಸೂರಿಗೆ ಬರುತ್ತದೆ. ಸೂರು ಗೋಡೆಯಿಂದ ಹೊರಗಿರುವುದರಿಂದ ತಣ್ಣಗಿರುತ್ತದೆ, ನೀರು ಅಲ್ಲೇ ಗಟ್ಟಿಯಾಗಿ ಐಸಿನ ಕಟ್ಟೆಯಾಗುತ್ತದೆ. ಹಿಂದೆ ನಿಂತ ನೀರು ಶೀಟಿನ ಜೋಡಣೆಯ ಸಂದಿಯಿಂದ ಮೇಲಕ್ಕೆ ನುಗ್ಗಿ ಮನೆಯೊಳಗೆ ಸೋರುತ್ತದೆ. ಹೊಸ ಶೀಟು ಹಾಕಿದರೂ ಸೋರುತ್ತೆ ಅಂತ ದೂರುವವರ ಮನೆಯಲ್ಲಿ ಹಲವು ಸಲ ಆಗಿರುವುದು ಇದೇ.

ಪರಿಹಾರ ಶೀಟು ಬದಲಿಸುವುದಲ್ಲ. ಸೀಲಿಂಗ್ ಮೇಲೆ ಬಿಸಿ ತಡೆಯುವ ಇನ್ಸುಲೇಷನ್ ಹಾಸಬೇಕು. ಇನ್ಸುಲೇಷನ್ ಮತ್ತು ಶೀಟಿನ ನಡುವೆ ಸೂರಿನಿಂದ ನೆತ್ತಿಯವರೆಗೆ ಗಾಳಿ ಆಡಲು ಜಾಗ ಬಿಡಬೇಕು. ಸೂರಿನ ಭಾಗದಲ್ಲಿ ಶೀಟಿನ ಕೆಳಗೆ ಅಂಟುವ ಜಲನಿರೋಧಕ ಹಾಳೆ ಹಾಕಬೇಕು. ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಪ್ರಕಾರ, ಐಸು ಕಟ್ಟುವ ಪ್ರದೇಶದಲ್ಲಿ ಈ ಹಾಳೆ ಹೊರಗೋಡೆಯಿಂದ ಒಳಕ್ಕೆ ಕನಿಷ್ಠ 24 ಇಂಚು ಬರಬೇಕು.

ಶೀಟು ಬೆವರುತ್ತದೆ

ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ, ಉಸಿರು ಎಲ್ಲದರಿಂದ ಮನೆಯೊಳಗೆ ತೇವ ಇರುತ್ತದೆ. ಅದು ತಣ್ಣಗಿನ ಲೋಹಕ್ಕೆ ತಾಗಿದರೆ ಹನಿಯಾಗುತ್ತದೆ. ರಾತ್ರಿಯಿಡೀ ಹನಿ ಕಟ್ಟಿ, ಬೆಳಿಗ್ಗೆ ಬಿಸಿಲಿಗೆ ಟಪಟಪ ಬೀಳುತ್ತದೆ. ಮಳೆಯೂ ಇಲ್ಲ, ತೂತೂ ಇಲ್ಲ, ಆದರೂ ಮರ ಕೊಳೆಯುತ್ತದೆ. ಸೀಲಿಂಗ್‌ನ ಬೆಚ್ಚಗಿನ ಕಡೆಗೆ, ಅಂದರೆ ಇನ್ಸುಲೇಷನ್‌ನ ಕೆಳಭಾಗಕ್ಕೆ, ಆವಿ ತಡೆಯುವ ಹಾಳೆ ಹಾಕಿದರೆ ಇದು ನಿಲ್ಲುತ್ತದೆ.

ಸ್ಕ್ರೂ ಉಳಿಸಲು ಹೋಗಿ ಶೀಟು ಕಳಕೊಳ್ಳಬೇಡಿ

ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ರಾತ್ರಿಯ ಮೈನಸ್ ಚಳಿಯಿಂದ ಹಗಲ ಬಿಸಿಲಿಗೆ ಶೀಟಿನ ತಾಪ 60 ಡಿಗ್ರಿ ಏರಿದರೆ, 20 ಅಡಿ ಉದ್ದದ ಶೀಟು ಸುಮಾರು 8 ಮಿ.ಮೀ. ಬೆಳೆಯುತ್ತದೆ. ಗಟ್ಟಿಯಾಗಿ ಬಿಗಿದರೆ ಸ್ಕ್ರೂ ತೂತು ದಿನೇ ದಿನೇ ಅಗಲವಾಗುತ್ತದೆ. ಉದ್ದದ ಶೀಟಿಗೆ ಕ್ಲಿಪ್ ಒಳಗೆ ಅಡಗಿರುವ ‘ಸ್ಟ್ಯಾಂಡಿಂಗ್ ಸೀಮ್’ ಜೋಡಣೆ ಒಳ್ಳೆಯದು. ಅದರಲ್ಲಿ ಶೀಟು ಹಿಂದೆ ಮುಂದೆ ಸರಿಯಲು ಜಾಗವಿದೆ, ಮೇಲೆ ತೂತೂ ಇರಲ್ಲ. ಸ್ಕ್ರೂ ಹಾಕುವುದೇ ಆದರೆ ತೂತು ತುಸು ದೊಡ್ಡದಿರಲಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಮತ್ತು ಇಪಿಡಿಎಂ ರಬ್ಬರ್ ವಾಷರ್ ಇರಲಿ.

ಅಲ್ಯೂಮಿನಿಯಂಗೆ ಆಗದವು ಕೆಲವಿವೆ. ತಾಮ್ರ ತಾಗಬಾರದು, ತಾಮ್ರದ ಪೈಪಿನಿಂದ ಇಳಿಯುವ ನೀರೂ ಮೇಲೆ ಬೀಳಬಾರದು. ಹಸಿ ಸಿಮೆಂಟ್, ಸುಣ್ಣ ತಾಗಿದರೆ ತಿನ್ನುತ್ತದೆ. ತಾಮ್ರ ಬೆರೆತ ಔಷಧಿ ಹಚ್ಚಿದ ಮರದ ಮೇಲೆ ನೇರವಾಗಿ ಕೂರಿಸಬಾರದು, ನಡುವೆ ಹಾಳೆ ಬೇಕು.

ನಮ್ಮ ಮಲೆನಾಡಿಗೆ ಇದರಲ್ಲಿ ಏನು ಅನ್ವಯ?

ನಮ್ಮಲ್ಲಿ ಹಿಮವಿಲ್ಲ. ಸ್ನೋ ಗಾರ್ಡ್, ಐಸಿನ ಹಾಳೆ ಬೇಡ. ಉಳಿದದ್ದು ಬಹುತೇಕ ಇಲ್ಲಿಗೂ ಹೊಂದುತ್ತದೆ. ಮ್ಯಾಗ್ನೆಟ್ ಪರೀಕ್ಷೆ, ಮಿಲಿಮೀಟರ್ ಲೆಕ್ಕ, ವಾಷರ್, ಹಿಗ್ಗಲು ಜಾಗ ಎಲ್ಲ ಒಂದೇ. ಮಳೆಗಾಲದ ತಂಪಿಗೆ ಅಡುಗೆಮನೆಯ ಶೀಟು ಇಲ್ಲೂ ಬೆವರುತ್ತದೆ. ಹಿಮದ ಭಾರದ ಬದಲು ಇಲ್ಲಿ ಗಾಳಿಯ ಚಿಂತೆ. ಶೀಟು ಹಗುರವಾದಷ್ಟೂ ಗಾಳಿಗೆ ಏಳುವುದು ಸುಲಭ, ಆದ್ದರಿಂದ ಸೂರು ಮತ್ತು ಮೂಲೆಗಳಲ್ಲಿ ಸ್ಕ್ರೂ ಹತ್ತಿರ ಹತ್ತಿರ ಬೀಳಬೇಕು.

ಅಡಿಕೆ ಬೆಳೆಗಾರರು ಒಂದು ವಿಷಯ ಗಮನಿಸಬೇಕು. ಬೋರ್ಡೋ ಮಿಶ್ರಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಜೊತೆಗೆ ಸುಣ್ಣ. ಎರಡೂ ಅಲ್ಯೂಮಿನಿಯಂಗೆ ಶತ್ರು. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಚಾಕು ಅದ್ದಿದರೆ ಕೆಂಪು ಲೇಪ ಕೂರುವುದು ಎಲ್ಲ ರೈತರಿಗೂ ಗೊತ್ತು. ಅಲ್ಯೂಮಿನಿಯಂ ಮೇಲೂ ತಾಮ್ರ ಹಾಗೇ ಕೂತು, ಆ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ತೋಟದ ಪಕ್ಕದ ಮಾಡಿಗೆ ಬಣ್ಣದ ಲೇಪ ಇರುವ ಶೀಟೇ ಲೇಸು. ಔಷಧಿ ಹಾರಿಬಿದ್ದರೆ ಅದೇ ದಿನ ನೀರು ಹಾಯಿಸಿ ತೊಳೆಯಬೇಕು.

ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

* ಮ್ಯಾಗ್ನೆಟ್ ಅಂಟುತ್ತದೆಯಾ? ಬಿಲ್ಲಿನಲ್ಲಿ ಐಎಸ್ ನಂಬರ್ ಇದೆಯಾ?
* ಬಣ್ಣ ಬಿಟ್ಟು ಲೋಹದ ದಪ್ಪ ಎಷ್ಟು ಮಿ.ಮೀ.?
* ಆ ಊರಿನ ಹಿಮದ ಭಾರಕ್ಕೆ ಟ್ರಸ್, ಪರ್ಲಿನ್ ಲೆಕ್ಕ ಹಾಕಿದ್ದು ಯಾರು?
* ಜಾರಿದ ಹಿಮ ಬೀಳುವ ಜಾಗದಲ್ಲಿ ಯಾರು ಓಡಾಡುತ್ತಾರೆ?
* ಇನ್ಸುಲೇಷನ್, ಗಾಳಿ ಆಡುವ ಜಾಗ, ಆವಿ ತಡೆಯುವ ಹಾಳೆ ಮೂರೂ ಅಂದಾಜುಪಟ್ಟಿಯಲ್ಲಿ ಸೇರಿವೆಯಾ?
* ಸ್ಕ್ರೂ ಯಾವ ಲೋಹದ್ದು?

ಬಜೆಟ್ ಕಡಿಮೆ ಇದ್ದರೆ ಅಲ್ಯೂಮಿನಿಯಂ ಬಿಟ್ಟು ಒಳ್ಳೆಯ ಲೇಪದ ಸ್ಟೀಲ್ ಶೀಟು ತಗೊಂಡು, ಉಳಿದ ದುಡ್ಡನ್ನು ಟ್ರಸ್ ಮತ್ತು ಇನ್ಸುಲೇಷನ್‌ಗೆ ಹಾಕುವುದೇ ಜಾಣತನ. ಶೀಟನ್ನು ಹತ್ತು ವರ್ಷ ಬಿಟ್ಟಾದರೂ ಬದಲಿಸಬಹುದು. ಜನ ಒಳಗೆ ಮಲಗಿರುವಾಗ ಟ್ರಸ್ ಕುಸಿದರೆ ಬದಲಿಸಲು ಏನೂ ಉಳಿಯಲ್ಲ.