ಠಾಣೆಯ ಸೀಮೆಯ ದೇವರಪಟಗಳು

ಇಂದು ಮುಂಬಯಿಯ ಒಡಲಲ್ಲಿ ಸೇರಿಹೋಗಿರುವ ಘಾಟಕೋಪರವು 19ನೆಯ ಶತಮಾನದ ಕಡೆಯಲ್ಲಿ ಠಾಣೆ ಜಿಲ್ಲೆಗೆ ಸೇರಿದ ಊರಾಗಿತ್ತೆಂಬುದನ್ನು ನೆನೆದರೆ, ನಮ್ಮ ಮನೆಗಳ ದೇವರಪಟಗಳ ಚರಿತ್ರೆಯಲ್ಲಿ ಈ ಸೀಮೆಗೂ ಒಂದು ಪಾಲು ಸಲ್ಲತಕ್ಕದ್ದೆಂಬುದು ವಿದಿತವಾಗುತ್ತದೆ. ರಾಜಾ ರವಿವರ್ಮರು ಗೋವರ್ಧನದಾಸ ಖಟಾವು ಮಖಂಜಿಯವರೊಡನೆ ಪಾಲುಗೂಡಿ 1894ರಲ್ಲಿ ಗಿರಗಾಂವದಲ್ಲಿ ತೆರೆದ ಶಿಲಾಮುದ್ರಣಾಲಯವು, ಶಕುಂತಲೆಯ ಜನನದ ಪಟದಿಂದ ಮೊದಲಾಗಿ, ಕೆಲಕಾಲ ಘಾಟಕೋಪರದಲ್ಲಿ ನಡೆದು, ಪ್ಲೇಗಿನ ಹಾವಳಿಯ ತರುವಾಯ 1899ರಲ್ಲಿ, ಠಾಣೆ ಕಲ್ಯಾಣಗಳನ್ನು ಹಾದು ಬೋರ್ ಘಾಟನ್ನೇರುವ ರೈಲುಹಾದಿಯ ಮಳವಲಿಗೆ, ಕಾರ್ಲಾ ಗುಹೆಗಳ ಸಮೀಪಕ್ಕೆ, ವರ್ಗವಾಯಿತು.

ಈ ಪಟಗಳ ದೇವತೆಗಳು ನಮ್ಮವರು; ಅವರಿಗೆ ಮೈತುಂಬಿದ ಶರೀರವನ್ನೂ ನೆಳಲುಬೆಳಕನ್ನೂ ಸೆರಗಿನ ಮಡಿಕೆಗಳನ್ನೂ ಕೊಟ್ಟ ಚಿತ್ರವಿದ್ಯೆಯಾದರೋ ಯವನಶಿಲ್ಪವನ್ನು ಆದರ್ಶವಾಗಿರಿಸಿಕೊಂಡು ಯುರೋಪಿನಲ್ಲಿ ಬೆಳೆದದ್ದು. 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪ್ರಾಚೀನ ಗ್ರೀಕ್ ಮೂರ್ತಿಗಳ ಗಾರೆಯ ಪ್ರತಿಕೃತಿಗಳನ್ನು ನೋಡಿ ಬರೆಯುವುದೇ ಪಾಠವಾಗಿತ್ತು. ಅಲ್ಲಿ ಕಲಿತ ಎಂ. ವಿ. ಧುರಂಧರರ ಚಿತ್ರಗಳೂ ಮುಂದೆ ಇದೇ ಮುದ್ರಣಾಲಯದಲ್ಲಿ ಅಚ್ಚಾದುವು. ರವಿವರ್ಮರು ಆ ಶಾಲೆಯ ವಿದ್ಯಾರ್ಥಿಗಳಲ್ಲ. ಆದರೂ ಐರೋಪ್ಯ ತೈಲಚಿತ್ರದ ಕ್ರಮವನ್ನು ಸ್ವಂತ ಸಾಧನೆಯಿಂದ ಕೈವಶಮಾಡಿಕೊಂಡವರು. ಕಡಲ ನೊರೆಯಲ್ಲಿ ಹುಟ್ಟಿದ ಅಫ್ರೊಡೈಟಿಯನ್ನು ಬರೆದು ಪಳಗಿದ ಆ ಕಲೆಗೆ, ಕ್ಷೀರಸಾಗರದಲ್ಲಿ ಹುಟ್ಟಿ ನೀರಿನ ನಡುವೆ ತಾವರೆಯ ಮೇಲೆ ನಿಂತ ನಮ್ಮ ಲಕ್ಷ್ಮಿ ಅನ್ಯಳಾಗಿ ತೋರಿರಲಾರಳೆಂದು ನನ್ನ ಭಾವನೆ.

ಅಚ್ಚಿನ ಕೆಲಸವಂತೂ ತಾಳ್ಮೆಯ ತಪಸ್ಸು. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬತ್ತಿಯಿಂದ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ ಶಾಯಿ ಸವರಿದರೆ, ತೇವವಿದ್ದೆಡೆ ಶಾಯಿ ನಿಲ್ಲದೆ ಜಿಡ್ಡಿದ್ದೆಡೆ ಮಾತ್ರ ಹಿಡಿಯುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಹಾಳೆಯನ್ನು ಒಂದಾದಮೇಲೊಂದು ಕಲ್ಲಿಗೆ ಒತ್ತುವಾಗ ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿಯ ಕೆಂಪು ಕೆನ್ನೆಗಿಳಿಯುವುದು. ಈ ಕುಶಲತೆಗಾಗಿ ಜರ್ಮನಿಯಿಂದ ಕೆಲಸಗಾರರು ಬಂದರು. ಅವರಲ್ಲೊಬ್ಬನಾದ ಫ್ರಿಟ್ಸ್ ಶ್ಲೈಖರನೇ 20ನೆಯ ಶತಮಾನದ ಆರಂಭದಲ್ಲಿ ಮುದ್ರಣಾಲಯವನ್ನು ಕೊಂಡುಕೊಂಡನು.

ಅರಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ಚಿತ್ರವು ಹೀಗೆ ಬಡವರ ಗೋಡೆಗೂ, ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ಬಂದುದನ್ನು ನಾನು ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ. ಹೆಂಗಸರು ಆ ಪಟಗಳ ಸೀರೆಗೆ ಜರಿಯನ್ನೂ ಒಡವೆಗಳಿಗೆ ಮಿನುಗುಬಿಲ್ಲೆಗಳನ್ನೂ ಅಂಟಿಸಿ, ಅಚ್ಚಿನ ಸಾವಿರ ಲಕ್ಷ್ಮಿಯರಲ್ಲಿ ಒಬ್ಬಳನ್ನು ತಮ್ಮವಳನ್ನಾಗಿ ಮಾಡಿಕೊಂಡರು. ಘಟ್ಟದ ಕೆಳಗಿನಿಂದ ಬಂದು ಠಾಣೆ ಡೊಂಬಿವಲಿಗಳಲ್ಲಿ ಹೋಟೆಲು ತೆರೆದ ನಮ್ಮವರ ಗಲ್ಲಾದ ಮೇಲೆ ಇಂದಿಗೂ ಗಂಧದ ಹಾರ ತೊಟ್ಟಿರುವ ಲಕ್ಷ್ಮಿಯ ರೂಪವು ಬಹುಮಟ್ಟಿಗೆ ಆ ವಂಶದ್ದೇ.

1972ರ ಬೆಂಕಿಯಲ್ಲಿ ಮಳವಲಿಯ ಮುದ್ರಣಾಲಯವು ಸುಟ್ಟುಹೋದ ಬಳಿಕ ಈ ಕಲೆಯ ಸಾಕ್ಷಿ ಉಳಿದಿರುವುದು ಮುಖ್ಯವಾಗಿ ಮನೆಗಳಲ್ಲಿ. ಹಳೆಯ ಚಾಳುಗಳನ್ನು ಕೆಡವಿ ಹೊಸ ಕಟ್ಟಡಗಳನ್ನೆತ್ತುತ್ತಿರುವ ಡೊಂಬಿವಲಿ ಕಲ್ಯಾಣಗಳಲ್ಲಿ ಗೆದ್ದಲು ಹಿಡಿದ ಕಟ್ಟಿನ ಪಟವೊಂದು ಕೈಗೆ ಸಿಕ್ಕಿದರೆ, ಅದನ್ನು ನೀರಿಗೆ ಬಿಡುವ ಮುನ್ನ ಕೆಳಗಿನ ಅಂಚನ್ನು ಒರಸಿ, ಮುದ್ರಣಾಲಯದ ಹೆಸರಿದೆಯೇ ಎಂದು ನೋಡಬೇಕು.